ಬಹುತ್ ಅವಸರ್ ಹೈ

ಹೋದ ವಾರ ನಾನು ಒಬ್ಬಳ ಮಾನ ಕಳೆದೆ. ಒಂದೇ ಒಂದು ಪದದಿಂದ. ಅದೂ ನನ್ನ ಹೆಸರು ಹಾಕದೆ.

ಗಾಬರಿಯಾಗಬೇಡಿ, ಮೊದಲಿನಿಂದ ಹೇಳುತ್ತೇನೆ. ನಾಗಪುರದ ನಮ್ಮ ಕಾಲೊನಿಯ ಬಿ ವಿಂಗ್‌ನಲ್ಲಿ ನಮ್ಮದು ಗ್ರೌಂಡ್ ಫ್ಲೋರ್. ಬಾಗಿಲು ತೆರೆದರೆ ಪಾರ್ಕಿಂಗಿಗೆ ಹೋಗುವ ದಾರಿ. ಬೆಳಿಗ್ಗೆ ಆರೂವರೆಗೆ ನಾನು ಅಲ್ಲಿ ರಂಗೋಲಿ ಹಾಕುತ್ತೇನೆ. ಆರೂಮುಕ್ಕಾಲಿಗೆ ಮೂರನೇ ಮಹಡಿಯ ವೈಶಾಲಿಯ ಸ್ಕೂಟರ್ ಅದರ ಮೇಲೆಯೇ ಹಾದುಹೋಗುತ್ತದೆ. ದಿನಾ. ಭಾನುವಾರ ಮಾತ್ರ ನನ್ನ ರಂಗೋಲಿಗೆ ರಜೆ ಸಿಗುತ್ತದೆ.

ವೈಶಾಲಿಗೆ ಹಿಂಗಣಾದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಏಳಕ್ಕೆ ಚೌಕದಲ್ಲಿ ಕಂಪನಿ ಬಸ್ಸು. ಗಂಡ ವಾಯುಸೇನೆಯಲ್ಲಿ, ಸದ್ಯ ಜೋಧಪುರದಲ್ಲಿ. ಇಲ್ಲಿ ಅವಳೊಬ್ಬಳೇ. ನನ್ನನ್ನು 'ಕಾಕು' ಎನ್ನುತ್ತಾಳೆ, ಮರಾಠಿಯಲ್ಲಿ ಚಿಕ್ಕಮ್ಮನಿದ್ದ ಹಾಗೆ.

ಎದುರಿಗೇ ಹೇಳಬಹುದಿತ್ತಲ್ಲ? ಹೇಳಲಿಲ್ಲ. ನಗುನಗುತ್ತಾ 'ಗುಡ್ ಮಾರ್ನಿಂಗ್ ಕಾಕು' ಎನ್ನುವವಳ ಹತ್ತಿರ ಜಗಳ ತೆಗೆಯುವುದು ಹೇಗೆ? (ಹೇಡಿಗೆ ಸೌಜನ್ಯ ಒಳ್ಳೆಯ ನೆಪ.)

ನಮ್ಮ ಕಾಲೊನಿಗೊಂದು ಆನ್‌ಲೈನ್ ಗ್ರೂಪ್ ಇದೆ. ನೀರು ಬಂತಾ, ಲಿಫ್ಟ್ ಯಾಕೆ ನಿಂತಿದೆ, ಬೆಕ್ಕು ಕಾಣೆಯಾಗಿದೆ, ಎಲ್ಲ ಅದರಲ್ಲೇ. ಅಲ್ಲೊಂದು ಪುಟ್ಟ ಬಟನ್. ಒತ್ತಿದರೆ ಹೆಸರು ಮಾಯ. ನೀವು 'ಅನಾಮಿಕ ಸದಸ್ಯ'.

ಒತ್ತಿದೆ. ತಲೆಯಲ್ಲಿ ಕನ್ನಡ, ಬೆರಳಿನಲ್ಲಿ ಹಿಂದಿ. 'ಬಿ ವಿಂಗ್ ಥರ್ಡ್ ಫ್ಲೋರ್ ವಾಲೀ ಮ್ಯಾಡಮ್ ಕೋ ರೋಜ್ ಸುಬಹ್ ಬಹುತ್ ಅವಸರ್ ಹೈ. ಕೋಯೀ ಪೂಛನೇವಾಲಾ ನಹೀಂ ಹೈ ಕ್ಯಾ?'

ನೀವು ಓದಿದ್ದು ಹೇಗೆ? 'ಬೆಳಗಾದರೆ ಆಕೆಗೆ ಬಹಳ ಅವಸರ, ಹೇಳುವವರು ಕೇಳುವವರು ಯಾರೂ ಇಲ್ಲವೇ' ಅಂತ ತಾನೆ? ನಾನು ಬರೆದದ್ದೂ ಅದನ್ನೇ. (ಹೆಸರು ಹಾಕಿರಲಿಲ್ಲ, ಮಹಡಿ ಮಾತ್ರ. ಅಷ್ಟು ಸಭ್ಯತೆ ಇತ್ತು ನೋಡಿ.)

ಅರ್ಧ ಗಂಟೆಯಲ್ಲಿ ನಗುವ ಮುಖಗಳು ಸಾಲುಗಟ್ಟಿದವು. 'ಕೈಸಾ ಅವಸರ್, ಭಾಯಿ?' ಎಂದು ಒಬ್ಬ ಅನಾಮಿಕ. 'ಪತಿ ಜೋಧಪುರ್ ಮೇಂ, ಮ್ಯಾಡಮ್ ಕೋ ಅವಸರ್ ಹೀ ಅವಸರ್' ಎಂದು ಇನ್ನೊಬ್ಬ. ನನಗೆ ತಲೆಬುಡ ತಿಳಿಯಲಿಲ್ಲ. ಅವಸರದಲ್ಲಿ ನಗುವಂಥದ್ದು ಏನಿದೆ?

ಸಂಜೆ ಕಾಲೇಜಿನಿಂದ ಬಂದ ಮಗಳು ಫೋನ್ ಹಿಡಿದು ನಿಂತಳು. ಇಲ್ಲೇ ಬೆಳೆದವಳು, ಅವಳ ಕನ್ನಡಕ್ಕೆ ಅರ್ಧ ಹಿಂದಿ ಬೆರೆತಿರುತ್ತದೆ.

"ಅಮ್ಮಾ, ದೇಖ್, ಎಷ್ಟು ಘಟಿಯಾ ಜನ ಇದ್ದಾರೆ! ವೈಶಾಲಿ ದೀದಿ ಬಗ್ಗೆ ಏನ್ ಬರ್ದಿದ್ದಾರೆ ನೋಡು."

"ಅವಸರ ಅಂತ ತಾನೆ ಇರೋದು? ಅದರಲ್ಲೇನೇ ತಪ್ಪು?"

"ಕನ್ನಡದ ಅವಸರ ಅಲ್ಲಮ್ಮ! ಹಿಂದೀಲಿ ಅವಸರ್ ಅಂದ್ರೆ ಮೌಕಾ. ಚಾನ್ಸು. ಗಂಡ ಊರಲ್ಲಿಲ್ಲ, ಒಳ್ಳೇ ಚಾನ್ಸ್ ಸಿಕ್ಕಿದೆ ಅಂತ."

ಮಗಳು ಆ ಅನಾಮಿಕನಿಗೆ ಇನ್ನಷ್ಟು ಬೈದು ಒಳಗೆ ಹೋದಳು. ಬೈಸಿಕೊಂಡವಳು ನಾನು, ಅಡುಗೆಮನೆಯಲ್ಲಿ ಫೋನ್ ಕೈಗೆತ್ತಿಕೊಂಡೆ.

ಪೋಸ್ಟನ್ನು ಆಗಲೇ ಅಳಿಸಿದೆ. ಆದರೆ ಸ್ಕ್ರೀನ್‌ಶಾಟ್‌ಗಳು ಅಷ್ಟು ಹೊತ್ತಿಗೆ ಕಾಲೊನಿಯ ಗೇಟು ದಾಟಿದ್ದವು. 'ನನ್ನ ಮಾತಿನ ಅರ್ಥ ಅದಲ್ಲ' ಎಂದು ತಿದ್ದೋಣವೆಂದರೆ, ಹೆಸರೇ ಇಲ್ಲದವಳ ಮಾತನ್ನು ಯಾರು ನಂಬುತ್ತಾರೆ?

ಈ ಅಂಕಣ ಓದುವವರಿಗೆ ನನ್ನ ಹಿಂದಿಯ ಪಾಡು ಹೊಸದಲ್ಲ. ಮೈಸೂರು ಬಿಟ್ಟು ಹದಿನೆಂಟು ವರ್ಷವಾದರೂ ನಾನಿನ್ನೂ ತರಕಾರಿಯವನಿಗೆ 'ಮೇರಾ ಸಾಸ್ ಆಯಾ ಹೈ' ಎಂದು ಅತ್ತೆಯನ್ನು ಗಂಡಸು ಮಾಡಿಬಿಡುತ್ತೇನೆ. ಅವನು ನಗುವುದಿಲ್ಲ. 'ಆಯೀ ಹೈ ಕ್ಯಾ, ಭಾಭೀ?' ಎಂದು ಮೆಲ್ಲಗೆ ತಿದ್ದಿ ಒಳ್ಳೆಯ ಬೆಂಡೆಕಾಯಿ ಆರಿಸಿ ಕೊಡುತ್ತಾನೆ. ನಾನು ಯಾರು, ಎಲ್ಲಿಯವಳು ಎಂದು ಅವನಿಗೆ ಗೊತ್ತು. ಗ್ರೂಪಿನ ಆ ಪೋಸ್ಟಿನ ಜೊತೆ ನನ್ನ ಹೆಸರು ಇದ್ದಿದ್ದರೆ ಕಾಲೊನಿಯೂ ಹಾಗೆಯೇ ತಿದ್ದಿಕೊಂಡು ಓದುತ್ತಿತ್ತೇನೋ. ಮಾತಿನ ಅರ್ಧ ಅರ್ಥ ಆಡಿದವರ ಹೆಸರಿನಲ್ಲಿರುತ್ತದೆ. ಇನ್ನೂ ನಿಜ ಹೇಳಬೇಕೆಂದರೆ, ಹೆಸರು ಹಾಕಬೇಕಿದ್ದರೆ 'ಕೇಳುವವರು ಯಾರೂ ಇಲ್ಲವೇ' ಎಂಬ ಆ ಎರಡನೇ ವಾಕ್ಯವನ್ನು ನಾನು ಬರೆಯುತ್ತಲೇ ಇರಲಿಲ್ಲ.

ಮೂರನೇ ದಿನ ಕಳಮೇಶ್ವರದಿಂದ ವೈಶಾಲಿಯ ಅತ್ತೆ ಬಂದಿಳಿದರು. ಯಾರೋ ನೆಂಟರು ಆ ಸ್ಕ್ರೀನ್‌ಶಾಟ್ ಕಳಿಸಿದ್ದರಂತೆ. 'ನೌಕರಿ ಬಿಡು, ಊರಿಗೆ ನಡಿ' ಎಂದು ಕೂತಿದ್ದಾರೆ ಎಂಬ ಸುದ್ದಿ ವಾಚ್‌ಮನ್ ಬಾಯಿಂದ ನಮ್ಮ ಮನೆಗೂ ಬಂತು. ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ ಎಲ್ಲವನ್ನೂ ಹೇಳಿಕೊಂಡೆ.

ಅವರು ಬೈಯಲಿಲ್ಲ. "ಹೋಗಿ ಹೇಳಿಬಿಡು ಕಣೇ. ನಿಂಗೆ ನಾಲ್ಕು ದಿನ ಅವಮಾನ ಆಗತ್ತೆ ಅಷ್ಟೆ. ಹೇಳದೇ ಇದ್ರೆ ಆ ಹುಡುಗಿ ಕೆಲಸ ಹೋಗತ್ತೆ," ಎಂದರು.

ಮಾರನೆಯ ಬೆಳಿಗ್ಗೆ ಮೂರು ಮಹಡಿ ಹತ್ತಿದೆ. (ಲಿಫ್ಟ್ ಸರಿಯಿತ್ತು. ಬೇಗ ತಲುಪುವ ಆಸೆ ನನಗಿರಲಿಲ್ಲ.) ಅತ್ತೆ ಸೊಸೆ ಇಬ್ಬರ ಮುಂದೆಯೂ ನನ್ನ ಜೀವಮಾನದ ಅತಿ ಕೆಟ್ಟ ಹಿಂದಿಯಲ್ಲಿ ತಪ್ಪೊಪ್ಪಿಕೊಂಡೆ. ಅತ್ತೆ ಮೊದಲು ನಂಬಲಿಲ್ಲ. "ಅವಸರ್ ಮ್ಹಣಜೇ ಘಾಯೀ?" ಎಂದು ಎರಡು ಸಲ ಕೇಳಿದರು. ನಮ್ಮ ಅವಸರಕ್ಕೆ ಮರಾಠಿಯಲ್ಲಿ ಘಾಯಿ ಎನ್ನುತ್ತಾರೆ. ಹೌದು, ಘಾಯಿ, ಘಾಯಿ ಎಂದು ನಾನು ತಲೆಯಾಡಿಸಿದೆ.

ಆಮೇಲೆ ವೈಶಾಲಿ, "ಕಾಕು, ದರವಾಜೇ ಪೇ ಆಕೇ ಝಗಡಾ ಕರ್ ಲೇತೇ ನಾ," ಎಂದಳು. ಬಾಗಿಲಿಗೇ ಬಂದು ಜಗಳ ಆಡಬಹುದಿತ್ತಲ್ಲ! ಅವಳು ಕೂಗಾಡಿದ್ದರೂ ನನಗೆ ಅಷ್ಟು ನೋಯುತ್ತಿರಲಿಲ್ಲ.

ಅಂದೇ ಗ್ರೂಪಿನಲ್ಲಿ ನನ್ನ ಹೆಸರು, ಫ್ಲ್ಯಾಟ್ ನಂಬರ್ ಸಮೇತ ಕ್ಷಮೆ ಕೇಳಿ, ಎರಡು ಭಾಷೆಯ ಅವಸರವನ್ನೂ ಬಿಡಿಸಿ ಬರೆದೆ. ಮೂರು ಹೆಬ್ಬೆಟ್ಟು ಬಂದವು. (ಒಂದು ನಮ್ಮವರದು.) ಅತ್ತೆ ಊರಿಗೆ ಹೊರಟರು, ಒಬ್ಬರೇ. ವೈಶಾಲಿ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾಳೆ.

ನಿನ್ನೆ ಬೆಳಿಗ್ಗೆ ನನ್ನ ಬಾಗಿಲ ಮುಂದೆ ಸ್ಕೂಟರ್ ನಿಲ್ಲಿಸಿ ಕೇಳಿದಳು: "ಕಾಕು, ಆಪ್ ಕಾ ತೋ ಪತಾ ಚಲ್ ಗಯಾ. ಬಾಕೀ ಲೋಗ್ ಕೌನ್ ಥೇ?" ನೀವೆಂದು ಗೊತ್ತಾಯಿತು, ಉಳಿದವರು ಯಾರು? ಲಿಫ್ಟಿನಲ್ಲಿ ಯಾರು ನಕ್ಕು ಮಾತಾಡಿಸಿದರೂ ಇವರೇ ಇರಬಹುದಾ ಅನ್ನಿಸುತ್ತದಂತೆ.

ಹಿಂದಿ ಬಾರದೆ ಎಡವಿದವಳು ನಾನೊಬ್ಬಳೇ. ನಕ್ಕವರಿಗೆಲ್ಲ ಹಿಂದಿ ಚೆನ್ನಾಗಿಯೇ ಬರುತ್ತಿತ್ತಲ್ಲ?