ಕಾಗದದ ಬಂಡೆಯ ವೀರ
ಫುಲ್ವಿಯೊನ ಅಜ್ಜ ಕರಾರಾ ಬೆಟ್ಟದ ಗಣಿಯಿಂದ ಅಮೃತಶಿಲೆ ಇಳಿಸುವಾಗ ಹಗ್ಗ ಹರಿದರೂ ಬಂಡೆಗೆ ಬೆನ್ನುಕೊಟ್ಟು ನಿಂತವನು. ಅಪ್ಪ, ಎತ್ತು ಸೋತಲ್ಲಿ ತಾನೇ ನೊಗಕ್ಕೆ ಹೆಗಲು ಕೊಟ್ಟವನು. ಇವನು ಮಾತ್ರ ರೋಮಿನ ಸಿನಿಮಾ ಅಂಗಳದಲ್ಲಿ ಗ್ರೀಕ್ ಪುರಾಣದ ವೀರನಾಗಿ, ನಾನು ಕಾಗದ ಅಂಟಿಸಿ ಮಾಡಿದ ಬಂಡೆಗಳನ್ನು ಎತ್ತುತ್ತಾನೆ. ಆಹಾ, ಎತ್ತುವ ವೈಭವವೇ ವೈಭವ! ಬೆಳಿಗ್ಗೆ ಹನ್ನೆರಡು ಮೊಟ್ಟೆ ನುಂಗಿ, ಎದೆಗೆ ಆಲಿವ್ ಎಣ್ಣೆ ಬಳಿದು, ಅಂಗೈಗೆ ಉಗುಳಿಕೊಂಡು, "ದೇವತೆಗಳೇ, ದಾರಿ ಬಿಡಿ!" ಎಂದು ಗುಡುಗಿದರೆ ರಟ್ಟಿನ ರಾಕ್ಷಸನೂ ನಡುಗಬೇಕು. ಎರಡು ಕಿಲೋ ಬಂಡೆಗೆ ಇನ್ನೂರು ಕಿಲೋದಷ್ಟು ನರಳುತ್ತಾನೆ. ಗಾಳಿ ಬೀಸಿದರೆ ಅದೇ ಬಂಡೆ ಹಾರಿಹೋಗದಂತೆ ಅಪ್ಪಿಕೊಳ್ಳುವವನೂ ಅವನೇ. ಇವತ್ತು ಮಗನ ಕೆಲಸ ನೋಡಲು ಊರಿನಿಂದ ಅವನಪ್ಪ ಬಂದು, ಕ್ಯಾಮೆರಾದ ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿದ್ದಾನೆ. ನಾನು ಬಂಡೆ ಸರಿಸಲು ಹೋದರೆ ಅದು ಕದಲಲೇ ಇಲ್ಲ. ಅದರ ಟೊಳ್ಳಿನೊಳಗೆ ಫುಲ್ವಿಯೊ ನಿಜವಾದ ಕಲ್ಲು ತುಂಬಿದ್ದ! "ಲೇ, ನಲವತ್ತೈದು ದಾಟಿತು ನಿಂಗೆ, ಸೊಂಟ ಮುರ್ಕೋತೀಯ! ತಡಿ, ಅರ್ಧನಾದ್ರೂ ತೆಗೀತೀನಿ" ಎಂದೆ. ಅವನು ಅಪ್ಪನತ್ತ ಓರೆಗಣ್ಣು ಹಾಯಿಸಿ ಪಿಸುಗುಟ್ಟಿದ: "ಕೈ ತೆಗಿಯೋ ಮಾರಾಯ. ಎತ್ತೋನ ಕುತ್ತಿಗೆ ನರ ನೋಡಿಯೇ ತೂಕ ಹೇಳೋನು ನಮ್ಮಪ್ಪ."