ರೇಣುಕಾ ಮಾಡದ ಫೋನು

ಇಂಥ ಕಥೆ ಯಾರಾದರೂ ಹೇಳತೊಡಗಿದರೆ ನಾನು ನಡುವೆಯೇ ಬಾಯಿ ಹಾಕುತ್ತಿದ್ದೆ. ನಿದ್ದೆಗಣ್ಣಿರಬೇಕು, ಆಮೇಲೆ ಸೇರಿಸಿಕೊಂಡಿದ್ದಿರಬೇಕು ಎಂದು ವಾದಿಸುತ್ತಿದ್ದೆ. ವಿಶ್ವವಿದ್ಯಾಲಯ ಕಲಿಸಿದ ಆ ಅನುಮಾನ ಈಗ ನನ್ನ ನೆನಪಿನ ಮೇಲೆಯೇ ತಿರುಗಿದೆ. ಆದರೂ ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಸಣ್ಣ ಉಪಗ್ರಹಗಳನ್ನು ಒಂದು ಕಕ್ಷೆಯಿಂದ ಇನ್ನೊಂದಕ್ಕೆ ಸಾಗಿಸುವ ಪುಟ್ಟ ಎಂಜಿನ್ ಮಾಡುವುದು ನಮ್ಮ ತಂಡದ ಕೆಲಸ. ದೊಡ್ಡ ರಾಕೆಟ್ಟು ಇಂಥ ಹಲವು ಉಪಗ್ರಹಗಳನ್ನು ಒಂದೇ ಕಡೆ ಬಿಟ್ಟು ಹೋಗುತ್ತದೆ. ಅಲ್ಲಿಂದ ತಮ್ಮ ತಮ್ಮ ಎತ್ತರಕ್ಕೆ ಅವೇ ಏರಬೇಕು. ನಮ್ಮ ಮೊದಲ ಉಪಗ್ರಹದಲ್ಲಿ ಒಂದೇ ಏರಿಕೆಗೆ ಸಾಕಾಗುವಷ್ಟು ಇಂಧನವಿತ್ತು. ಅದು ಹಿಂದುಮುಂದಾಗಿ ನಿಂತಿದ್ದಾಗ ಎಂಜಿನ್ ಉರಿಸಿದರೆ ಕೆಳಗಿಳಿದು ಗಾಳಿಯಲ್ಲಿ ಸುಟ್ಟುಹೋಗುತ್ತದೆ. ನಮ್ಮ ವರ್ಷಗಳ ದುಡಿಮೆಯೂ ಹೋಗುತ್ತದೆ.

ಅದನ್ನು ಏರಿಸಬೇಕಿದ್ದ ಸಂಜೆ ನಾನು ಹಾನಗಲ್ ತಾಲ್ಲೂಕಿನ ಆಡೂರಿನಲ್ಲಿ, ಅಕ್ಕನ ಕಿರಾಣಿ ಅಂಗಡಿಯಲ್ಲಿದ್ದೆ. ಅಕ್ಕಿ ಚೀಲದ ಮೇಲೆ ಕೂತು, ಲ್ಯಾಪ್‌ಟಾಪಿನಲ್ಲಿ ಎಂಜಿನ್ ಉರಿಸುವ ಆದೇಶಕ್ಕೆ ಕೊನೆಯ ಒಪ್ಪಿಗೆ ಕೊಡುವವನಿದ್ದೆ.

"ಆಕಾಶದಾಗ ಬಂಡಿ ಹೊಡಿಯಾಂವ, ಆ ಚೀಲ ಬಿಟ್ಟು ಏಳು. ಗಿರಾಕಿ ನಿಂತಾರ," ಎಂದು ಅಕ್ಕ ಗದರಿದಳು.

ಎದ್ದು ಹಿತ್ತಲಿಗೆ ಹೋದೆ. ಅಲ್ಲಿ ಕಿವಿಯಲ್ಲಿ ರೇಣುಕಾಳ ದನಿ. ರೇಣುಕಾ ನಮ್ಮ ತಂಡದವಳೇ, ಹಂಸಭಾವಿಯ ಹುಡುಗಿ.

"ಸರ್, ಹಂಗ ಕಳಸಬ್ಯಾಡ್ರಿ. ಮುಖ ಹಿಂದಕ್ಕ ಹೊಳ್ಳೇತಿ."

"ಎಲ್ಲಾ ನೋಡೇನಿ ಬಿಡವ್ವ," ಎಂದೆ.

"ಇನ್ನೊಮ್ಮೆ ನೋಡ್ರಿ."

ಒಳಗೆ ಬಂದು ನೋಡಿದೆ. ಎಂಜಿನ್ ಇರುವ ಬದಿಯನ್ನೇ ಉಪಗ್ರಹದ ಮುಂಭಾಗವೆಂದು ಹಿಡಿದು, ಅದು ನಿಲ್ಲಬೇಕಾದ ಕೋನವನ್ನು ನಾವು ಬರೆದಿದ್ದೆವು. ಆದೇಶ ತಡೆದು, ತಿದ್ದಿ, ಅದು ಭೂಮಿಯ ಮುಂದಿನ ಸುತ್ತು ಬಂದಾಗ ಕಳಿಸಿದೆವು. ಉಪಗ್ರಹ ಏರಿತು.

"ಹಿತ್ತಲದಾಗ ಯಾರ ಜೋಡಿ ಮಾತಾಡಾಕತ್ತಿದ್ಯೋ?" ಅಕ್ಕ ಕೇಳಿದಳು. ರೇಣುಕಾ ಫೋನ್ ಮಾಡಿದ್ದಳೆಂದೆ.

"ನಿನ್ನ ಫೋನ್ ಇಲ್ಲೇ ಚಾರ್ಜಿಗೆ ಐತಲ್ಲೋ ತಮ್ಮಾ!"

ಫೋನು ತಕ್ಕಡಿಯ ಪಕ್ಕದಲ್ಲಿತ್ತು. ಅದರಲ್ಲಿ ಯಾವ ಕರೆಯೂ ಇರಲಿಲ್ಲ. ಮರುದಿನ ರೇಣುಕಾಳೇ ಕೇಳಿದಳು: "ತಪ್ಪು ಯಾರ್ ಹಿಡದ್ರು ಸರ್? ನಾ ರೈಲಿನ್ಯಾಗ ಮಲ್ಕೊಂಡುಬಿಟ್ಟಿದ್ದೆ. ಯಲವಿಗಿ ಸ್ಟೇಶನ್ ಬಂದಿದ್ದೂ ಗೊತ್ತಾಗ್ಲಿಲ್ಲ." ನಾನೇ ನೋಡಿದೆ ಎಂದು ಮಾತು ತೇಲಿಸಿದೆ.

ತಪ್ಪು ಮೊದಲೇ ನನ್ನ ಕಣ್ಣಿಗೆ ಬಿದ್ದಿರಬಹುದು, ಮನಸ್ಸು ಅದನ್ನು ಅವಳ ದನಿಯಲ್ಲಿ ಹೇಳಿರಬಹುದು. ಆದರೆ ಆ ಕೋನ ಇದ್ದ ಫೈಲನ್ನು ನಾನು ತೆರೆದದ್ದು ಹಿತ್ತಲಿನಿಂದ ಬಂದ ಮೇಲೆ. ಹಾಗೆಂದು ನನ್ನ ನೆನಪು. ಅಕ್ಕನನ್ನು ಮೊನ್ನೆ ಕೇಳಿದರೆ, "ಫೋನ್ ನಿನ್ನ ಕೈಯಾಗೇ ಇತ್ತೋ ಏನೋ, ಯಾರಿಗೆ ನೆನಪೈತಿ" ಎಂದುಬಿಟ್ಟಳು.

ಕಳೆದ ವಾರ ಧೈರ್ಯ ಮಾಡಿ ರೇಣುಕಾಳಿಗೆ ಎಲ್ಲ ಹೇಳಿದೆ. ಕೊನೆಗೆ ಥ್ಯಾಂಕ್ಸ್ ಎಂದೆ. ಅವಳು ಬಹಳ ಹೊತ್ತು ನಕ್ಕಳು.

"ನಾ ಏನೂ ಮಾಡೇ ಇಲ್ಲಲ್ರಿ ಸರ್. ನನಗ್ಯಾಕ?"

"ಇರ್ಲಿ, ಇಟ್ಕೋವ್ವ," ಎಂದೆ. "ಬ್ಯಾರೆ ಯಾರಿಗೆ ಕೊಡಬೇಕೋ ನನಗ ತಿಳಿದಿಲ್ಲ."