ನೀರೊಳಗಿನ ಹೆಬ್ಬೆಟ್ಟು

ಕಳೆದ ತಿಂಗಳು ಮೊಣಕಾಲು ನೋವಿಗೆಂದು ರಾಯಚೂರಿನ ಒಂದು ಔಷಧಿ ಅಂಗಡಿಯಲ್ಲಿ ಬಿಸಿನೀರಿನ ರಬ್ಬರ್ ಚೀಲ ಕೇಳಿದೆ. ಸೋರುವುದಿಲ್ಲ ಎಂದು ತೋರಿಸಲು ಅಂಗಡಿಯವನು ಪ್ಲಾಸ್ಟಿಕ್ ಹರಿದು, ಚೀಲವನ್ನು ನನ್ನ ಮುಖದ ಹತ್ತಿರವೇ ಒತ್ತಿದ. ಒಳಗಿನ ಬಿಳಿ ಪುಡಿ ಹಾರಿತು. ಅದರ ಹಿಂದೆಯೇ ಹೊಸ ರಬ್ಬರಿನ ವಾಸನೆ... ಮೂಗಿಗೆ ಉಪ್ಪುನೀರು ಏರಿದ ಹಾಗಾಯಿತು. ಕಿವಿಯ ಹತ್ತಿರ ಯಾರೋ "ದಮ್ಮು ಹಿಡೀಬ್ಯಾಡ ತಂಗಿ, ಬಿಡು" ಎಂದ ಹಾಗೆ.

ಅದು ಚಿಗವ್ವನ ದನಿ ಎಂದು ಮನೆಗೆ ಬರುವವರೆಗೂ ನಂಬಿದ್ದೆ. ಆಮೇಲೆ ಅನುಮಾನ ಶುರುವಾಯಿತು. ನೀರಿನೊಳಗೆ ಉಸಿರು ಹಿಡಿಯಬೇಡ ಎಂದು ಹೇಳುವ ಹೆಂಗಸೇ ಅಲ್ಲ ಅವಳು. ಉಸಿರು ಹಿಡಿಯುವುದೇ ಅವಳ ಹೆಮ್ಮೆಯಾಗಿತ್ತು. ನೆನಪು ಒಬ್ಬರ ಮಾತನ್ನು ಇನ್ನೊಬ್ಬರ ಬಾಯಿಗೆ ಹಾಕಿಬಿಡುತ್ತದೆ. ಆದ್ದರಿಂದ ಇಲ್ಲಿ ಬರೆಯುವುದೆಲ್ಲ ಹೀಗೇ ನಡೆಯಿತೆಂದು ಪ್ರಮಾಣ ಮಾಡಲಾರೆ.

ಚಿಗವ್ವ ನಮ್ಮ ಸಂಬಂಧಿಯಲ್ಲ, ಪಕ್ಕದ ಮನೆಯವಳು. ಎರಡೂ ಮನೆಗಳಿಗೆ ಒಂದೇ ಗೋಡೆ. ದೇವದುರ್ಗದ ಕಡೆಯ ಕುರಿಗಾರರ ಮನೆಯ ಮಗಳು. ಉಣ್ಣೆ ಕತ್ತರಿಸುವ ಮೊದಲು ಕುರಿ ತೊಳೆಯುತ್ತಿದ್ದ ಹಳ್ಳದ ಮಡುವಿನಲ್ಲಿ ಈಜು ಕಲಿತವಳು. ಅವಳಿಗೆ ಮಕ್ಕಳಿರಲಿಲ್ಲ. ಬೇಸಿಗೆ ರಜೆಯಲ್ಲಿ ನನ್ನನ್ನು ಮಾನ್ವಿಯ ಹತ್ತಿರ ತನ್ನ ತಂಗಿಯ ಹೊಲಕ್ಕೆ ಕರೆದುಕೊಂಡು ಹೋಗಿ, ನಡುವಿಗೆ ಒಣ ಸೋರೆಬುರುಡೆ ಕಟ್ಟಿ ಬಾವಿಗೆ ನೂಕಿದವಳು ಅವಳೇ. ತಾನು ಮುಳುಗಿದರೆ ತಳ ಮುಟ್ಟಿದ್ದಕ್ಕೆ ಸಾಕ್ಷಿಯಾಗಿ ಮುಷ್ಟಿ ತುಂಬ ಕೆಸರು ತರುತ್ತಿದ್ದಳು. ಅಷ್ಟು ಹೊತ್ತು ಮೇಲೆ ಕುಳಿತ ನನಗೇ ಉಸಿರು ಕಟ್ಟುತ್ತಿತ್ತು.

ಅವಳ ಗಂಡನನ್ನು ನಾನು ಕಾಕಾ ಎನ್ನುತ್ತಿದ್ದೆ. ಹತ್ತಿ ಮಿಲ್ಲಿನಲ್ಲಿ ಮೆಕ್ಯಾನಿಕ್. ಎಪ್ಪತ್ತರ ದಶಕದ ಕೊನೆಗೆ ಮಿಲ್ಲು ನಿಂತಿತು; ಅಂಡಮಾನಿನ ಬಂದರಿನ ವರ್ಕ್‌ಶಾಪಿನಲ್ಲಿ ಕಂಪ್ರೆಸರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ದೇವದುರ್ಗದಿಂದ ಬಂದಿದ್ದ ತನ್ನ ಅಣ್ಣತಮ್ಮಂದಿರ ಎದುರಿಗೆ ಚಿಗವ್ವ, ಅದು ಎಲ್ಲಿ ಅದ, ಅಲ್ಲಿ ಕುಡಿಯಾಕ ಎಂಥಾ ನೀರು ಎಂದು ಕೇಳಿದಳಂತೆ. ಕೇಳಿದಳಂತೆ ಎಂದೇಕೆ ಬರೆದೆ? ಗೋಡೆಯ ಈಚೆ ನಾವೆಲ್ಲ ಕೇಳಿಸಿಕೊಂಡಿದ್ದೇವೆ.

"ಹೆಬ್ಬಟ್ಟು ಒತ್ತಾಕಿಗೆ ನಕಾಶಿ ತೋರ್ಸಿ ಏನ್ ಮಾಡ್ಲಿ?" ಎಂದರು ಕಾಕಾ.

ಅಣ್ಣತಮ್ಮಂದಿರು ನಕ್ಕರು. ಚಿಗವ್ವ, "ಹಂಗಾರ ನಕಾಶಿ ಕೂಡೇ ಸಂಸಾರ ಮಾಡ್ರಿ" ಎಂದಳು.

ಕಾಕಾ ಒಬ್ಬರೇ ಹೋದರು. ವರ್ಷಗಳು ಹೋದವು. ಕನ್ನಡ, ತೆಲುಗು, ಸಂತೆಯ ಉರ್ದು ಮೂರನ್ನೂ ಅರಳು ಹುರಿದ ಹಾಗೆ ಆಡುತ್ತಿದ್ದವಳು ಓದುಬರಹದ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿ ಕುಳಿತಿದ್ದ ವರ್ಷ, ಚಿಗವ್ವ ಒಂದು ಮಧ್ಯಾಹ್ನ ಬಂದು ನಮ್ಮಪ್ಪನ ಎದುರು ಕುಳಿತಳು.

"ಅಣ್ಣಾರ, ನಿಮ್ಮ ಮಗಳನ್ನ ನನ್ನ ಕೂಡ ಅಂಡಮಾನಿಗೆ ಕಳಸ್ರಿ. ಒಂದು ಅಮಾಸಿಯಿಂದ ಇನ್ನೊಂದು ಅಮಾಸಿ ತನಕ ಇದ್ದು ನೋಡ್ತೀನಿ. ಮನಸಿಗೆ ಬಂದ್ರ ಅಲ್ಲೇ ನಿಲ್ತೀನಿ. ಇಲ್ಲಾಂದ್ರ ಈಕಿ ಕೂಡ ತಿರಗಿ ಬಂದು, ಇನ್ನ ಆ ಸುದ್ದಿ ಎತ್ತಂಗಿಲ್ಲ."

ಹೀಗೆ ರಾಯಚೂರು ಸ್ಟೇಷನ್ನಿನಿಂದ ಮದ್ರಾಸು, ಅಲ್ಲಿಂದ ಹಡಗು. ಹಡಗಿನಲ್ಲಿ ನಾನು ವಾಂತಿ ಮಾಡಿಕೊಳ್ಳುತ್ತಾ ಮಲಗಿದ್ದರೆ, ಚಿಗವ್ವ ಒಣಗಿಸಿ ತಂದ ಖಟಿ ರೊಟ್ಟಿ, ಶೇಂಗಾ ಚಟ್ನಿ ಹಂಚಿ ಅರ್ಧ ಹಡಗಿನ ಪರಿಚಯ ಮಾಡಿಕೊಂಡಿದ್ದಳು. ಅವಳು ನಿಲ್ಲುತ್ತಾಳೋ ಬರುತ್ತಾಳೋ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಬರಲಿ ಎಂದೇ ನನ್ನ ಆಸೆ. ಗೋಡೆಯ ಆಚೆ ಅವಳಿಲ್ಲದ ಮನೆಯನ್ನು ನೆನೆಯಲೂ ಆಗುತ್ತಿರಲಿಲ್ಲ.

ದ್ವೀಪ ಮುಟ್ಟಿದಾಗಿನಿಂದ ಗಂಡ ಹೆಂಡತಿ ನನ್ನ ಮೂಲಕವೇ ಮಾತಾಡುತ್ತಿದ್ದರು. "ನಿಮ್ಮ ಚಿಗವ್ವಗ ಮೀನಿನ ವಾಸನಿ ಆಗ್ತದೇನು ಕೇಳು." "ನಿಮ್ಮ ಕಾಕಾಗ ಹೇಳು, ಮೂಗು ಮನ್ಯಾಗ ಬಿಟ್ಟು ಬಂದೀನಿ ಅಂತ."

ಕಾಕಾ ಬಂದರಿನಲ್ಲಿ ಮುಳುಗುಗಾರರ ಸಿಲಿಂಡರುಗಳಿಗೆ ಗಾಳಿ ತುಂಬುತ್ತಿದ್ದರು. ಅಲ್ಲಿ ನೌಕಾಪಡೆಯಿಂದ ನಿವೃತ್ತರಾದವರೊಬ್ಬರಿದ್ದರು. ಎಲ್ಲರೂ ಮಾಸ್ತರ್ ಎನ್ನುತ್ತಿದ್ದರು. ಭಾನುವಾರಗಳಲ್ಲಿ ಬಂದರಿನವರಿಗೆ ಹವಳದ ದಿಬ್ಬಗಳ ಹತ್ತಿರ ಮುಳುಗುವುದನ್ನು ಕಲಿಸುತ್ತಿದ್ದರು. ಈಗ ಅದಕ್ಕೆ ಸ್ಕೂಬಾ ಎನ್ನುತ್ತಾರೆ. ನಮಗೆ ಆಗ 'ಟಾಕಿ ಕಟ್ಟಿಕೊಂಡು ಮುಳುಗುವುದು'. ಕಾಕಾ ಕಲಿತಿದ್ದರು. ಹೆಂಡತಿಗೆ ತೋರಿಸಲು ಆ ದ್ವೀಪದಲ್ಲಿ ಅವರ ಹತ್ತಿರ ಬೇರೇನೂ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಮಾಸ್ತರು ಮೊದಲ ದಿನ ದಡದ ಹತ್ತಿರ ನಡುಮಟ್ಟದ ನೀರಿನಲ್ಲಿ ನಿಲ್ಲಿಸಿದರು. ಸೀರೆ ನಡೆಯುವುದಿಲ್ಲವೆಂದು ಚಿಗವ್ವ ಕಾಕಾನ ಖಾಕಿ ಪ್ಯಾಂಟು, ತುಂಬುತೋಳಿನ ಅಂಗಿ ತೊಟ್ಟು ಸೊಂಟಕ್ಕೆ ಹಗ್ಗ ಬಿಗಿದಿದ್ದಳು. ಮುಖಕ್ಕೆ ಕಟ್ಟುವ ರಬ್ಬರಿನ ಕನ್ನಡಕಕ್ಕೆ ಮಂಜು ಹಿಡಿಯದಂತೆ ಗಾಜಿಗೆ ಉಗುಳಿ ತಿಕ್ಕಬೇಕು ಎಂದರು ಮಾಸ್ತರು. ಚಿಗವ್ವ ನನ್ನ ಕಡೆ ತಿರುಗಿ, "ಎಲಿ ಅಡಿಕಿ ಹಾಕಿದ ಬಾಯಿ. ಉಗುಳಿದ್ರ ಸಮುದ್ರ ಕೆಂಪ್ ಕಾಣ್ತದ, ಹೇಳು ಇವರಿಗೆ" ಎಂದಳು. ಹೇಳಬೇಕಾಗಿಯೇ ಇರಲಿಲ್ಲ, ಆಮೇಲಾಮೇಲೆ ಅವಳ ರಾಯಚೂರು ಉರ್ದುವೇ ಅಲ್ಲಿ ನನ್ನ ಪುಸ್ತಕದ ಹಿಂದಿಗಿಂತ ಸಲೀಸಾಗಿ ನಡೆಯಿತು.

ಅವಳಿಗೆ ಕಷ್ಟವಾದದ್ದು ಉಸಿರು. ಬಾಯಿಯಲ್ಲಿ ರಬ್ಬರ್ ಕಚ್ಚಿಕೊಂಡು ಎಳೆಯುತ್ತಾ ಬಿಡುತ್ತಾ ಇರಬೇಕು, ಎಂದೂ ತಡೆಹಿಡಿಯಬಾರದು. ಬಾವಿಯವಳು ತಲೆ ನೀರಿಗೆ ಹೋದ ಕೂಡಲೇ ದಮ್ಮು ಹಿಡಿಯುತ್ತಿದ್ದಳು. ಮಾಸ್ತರು ಮತ್ತೆ ಮತ್ತೆ ಎತ್ತಿ, "ದಮ್ ಮತ್ ರೋಕೋ, ಬಹೆನ್" ಎನ್ನುತ್ತಿದ್ದರು. "ದಮ್ಮು ಹಿಡೀಲಾರ್ದ ಮುಳುಗಿದ್ರ ಅದೇನ್ ಮುಳುಗಿದಂಗ ತಂಗಿ? ಹಾಸಿಗ್ಯಾಗ ಮಲಗಿದಂಗ" ಎಂದು ನನ್ನ ಹತ್ತಿರ ಗೊಣಗಿದಳು. ಆದರೂ ಎರಡನೆಯ ಭಾನುವಾರದ ಹೊತ್ತಿಗೆ ಅವಳು ಕಲಿತಳು, ಅವಳ ಹಿಂದೆ ನಾನೂ.

ಕೈಸನ್ನೆಗಳನ್ನೂ ಕಲಿಸಿದರು. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿದರೆ ಎಲ್ಲ ಸರಿ ಇದೆ ಎಂದು. ಚಿಗವ್ವ "ಸಾರು ಚಲೋ ಆಗ್ಯಾದ ಅಂದಂಗ" ಎಂದು ನೆನಪಿಟ್ಟುಕೊಂಡಳು. ಅಂಗೈ ಅಲ್ಲಾಡಿಸಿದರೆ ಏನೋ ಸರಿಯಿಲ್ಲ. ಮುಷ್ಟಿ ಕಟ್ಟಿ ಹೆಬ್ಬೆರಳು ಎತ್ತಿದರೆ, ಮೇಲೆ ಹೋಗೋಣ.

ಮೂರನೆಯ ಭಾನುವಾರ ದೋಣಿಯಲ್ಲಿ ಹವಳದ ದಿಬ್ಬಕ್ಕೆ ಹೋದೆವು. ಎರಡು ಆಳು ನೀರಿರಬಹುದು. ಮಾಸ್ತರು ನನ್ನ ಮೊಣಕೈ ಹಿಡಿದು ಮರಳಿನ ಮೇಲೆ ಕೂರಿಸಿದರು. ಸ್ವಲ್ಪ ದೂರದಲ್ಲಿ ಕಾಕಾ, ಚಿಗವ್ವ. ಮೀನುಗಳು ನೀಲಿ ಇದ್ದವು ಎಂದು ಬರೆಯಲು ಕೈ ಹೋಗುತ್ತದೆ, ಆದರೆ ಅದು ಆಮೇಲೆ ಟೀವಿಯಲ್ಲಿ ನೋಡಿದ ನೀಲಿಯೋ ಏನೋ... ಹವಳ ಮಾತ್ರ ಖಚಿತವಾಗಿ ನೆನಪಿದೆ, ಏಕೆಂದರೆ ನಿರಾಸೆಯಾಗಿತ್ತು. ಚಿಗವ್ವನ ತಾಳಿಸರದಲ್ಲಿದ್ದ ಹವಳದಂತೆ ಕೆಂಪಗಿರುತ್ತದೆ ಎಂದುಕೊಂಡಿದ್ದೆ. ಇದು ಮಣ್ಣುಬಣ್ಣ, ಅರಿಶಿನ ಕೊಂಬಿನಂತೆ ಕವಲು ಕವಲು. ಕೆಲವು ಹೂಕೋಸಿನಂತೆ ಗುಡ್ಡೆ. ಚಿಗವ್ವ ಅಂಥದೊಂದು ಗುಡ್ಡೆಗೆ ಮುಖವಿಟ್ಟು ಅಲುಗದೆ ನೋಡುತ್ತಿದ್ದಳು. ತಾನೇ ತುಂಬಿದ ಗಾಳಿ ಎಷ್ಟು ಹೊತ್ತು ಬರುತ್ತದೆಂದು ಕಾಕಾನಿಗೆ ಗೊತ್ತಿತ್ತು. ಅವಳ ಹೆಗಲು ತಟ್ಟಿ ಹೆಬ್ಬೆರಳು ತೋರಿಸಿದರು.

ಚಿಗವ್ವ ಆ ಬೆರಳನ್ನು ನೋಡಿದಳು. ಗಾಜಿನ ಹಿಂದಿನ ಮುಖವನ್ನು ನೋಡಿದಳು. ಆಮೇಲೆ ಬೆನ್ನು ತಿರುಗಿಸಿ ಮರಳಿನ ಮೇಲೆ ಕುಳಿತುಬಿಟ್ಟಳು. ಸಿಟ್ಟು ಬಂದಾಗ ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂರುತ್ತಿದ್ದ ಹಾಗೇ, ಕೈ ಕಟ್ಟಿಕೊಂಡು. ಕಾಕಾ ಸುತ್ತಿ ಎದುರಿಗೆ ಬಂದು ಇನ್ನೂ ಹತ್ತಿರದಿಂದ ತೋರಿಸಿದರು. ಅವಳು ಮತ್ತೆ ತಿರುಗಿದಳು. ಗಾಬರಿಗೆ ಅವರು ಎರಡೂ ಕೈಯ ಹೆಬ್ಬೆರಳು ಎತ್ತಿದರು. ಆಗ ಮಾಸ್ತರು ನನ್ನನ್ನು ಬಿಟ್ಟು ಧಾವಿಸಿ ಅವಳ ತೋಳು ಹಿಡಿದರು. ಅವರ ಜೊತೆ ತಕ್ಷಣ ಎದ್ದಳು.

ದೋಣಿ ಹತ್ತಿ ಬಾಯಿಯ ರಬ್ಬರ್ ತೆಗೆದವಳ ಮೊದಲ ಮಾತು: "ನೀರಾಗೂ ಬಿಡಲಿಲ್ಲಲ್ರಿ ನೀವು."

"ಏನ್ ಬಿಡಲಿಲ್ಲ? ಗಾಳಿ ಮುಗ್ಯಾಕ ಬಂದಿತ್ತು, ಮ್ಯಾಲ ನಡಿ ಅಂದೆ."

ಚಿಗವ್ವ ತನ್ನ ಹೆಬ್ಬೆರಳನ್ನು ಅವರ ಮುಖದ ಮುಂದೆ ಹಿಡಿದಳು. ಅದರ ತುದಿ ನೀರಿಗೆ ಸುಕ್ಕುಗಟ್ಟಿ ಬೆಳ್ಳಗಾಗಿತ್ತು.

"ಮಾಸ್ತರ್ ಕಲಿಸಿದ್ದು ಮರತಿ ಏನು ಚಿಗವ್ವ?" ಎಂದೆ ನಾನು, ಮೆಲ್ಲಗೆ.

"ಮರತಿಲ್ಲ ತಂಗಿ. ಮಾಸ್ತರ್ ತೋರ್ಸಿದ್ರ ಮ್ಯಾಲ ಅಂತ ಅರ್ಥ. ಇವರು ತೋರ್ಸಿದ್ರ ಆ ಹಳೇ ಹೆಬ್ಬಟ್ಟಿನ ಅರ್ಥ."

ಕಾಕಾ ಬಹಳ ಹೊತ್ತು ಸಿಲಿಂಡರಿನ ತಿರುಪು ಬಿಚ್ಚುತ್ತಾ ಕುಳಿತರು. ಬಿಚ್ಚಿದ್ದನ್ನೇ ಮತ್ತೆ ಬಿಗಿದರು. "ಅದನ್ನ ಇನ್ನೂ ಇಟ್ಕೊಂಡೀಯಾ?" ಎಂದರು.

"ನೀವು ಕೊಟ್ಟಿದ್ದು. ಎಲ್ಲಿ ಚೆಲ್ಲಲಿ?"

ದ್ವೀಪಕ್ಕೆ ಬಂದ ಮೇಲೆ ಅವರು ನೇರವಾಗಿ ಆಡಿಕೊಂಡ ಮೊದಲ ಮಾತು ಅದೇ ಎಂದು ನನಗೆ ಆಮೇಲೆ ಹೊಳೆಯಿತು. ಮಾಸ್ತರಿಗೆ ಒಂದಕ್ಷರ ತಿಳಿಯಲಿಲ್ಲ. ಏನಾಯಿತೆಂದು ಕೇಳಿದರು.

ಅಮಾವಾಸ್ಯೆಗೆ ಮೊದಲು ಉಳಿದದ್ದು ಒಂದೇ ಭಾನುವಾರ. ಚಿಗವ್ವ ಬರುವುದಿಲ್ಲ ಎಂದುಕೊಂಡಿದ್ದೆ; ಬೆಳಿಗ್ಗೆ ಎಲ್ಲರಿಗಿಂತ ಮೊದಲು ಖಾಕಿ ಪ್ಯಾಂಟು ತೊಟ್ಟು ನಿಂತಿದ್ದಳು. ಅದೇ ದಿಬ್ಬ, ಅದೇ ಮರಳು. ಹೊತ್ತಾದಾಗ ಕಾಕಾ ಅವಳ ಎದುರಿಗೆ ಬಂದರು. ಹೆಬ್ಬೆರಳು ಎತ್ತಲಿಲ್ಲ. ಅಂಗೈ ಬಿಚ್ಚಿ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಎತ್ತಿದರು. ನಮ್ಮಲ್ಲಿ ಮದುವೆ ಮನೆಯಲ್ಲಿ ಹಿರಿಯರ ಮುಂದೆ ನಿಂತು "ಏಳ್ರಿ, ಊಟಕ್ಕ ಏಳ್ರಿ" ಎನ್ನುವಾಗ ಎತ್ತುತ್ತಾರಲ್ಲ, ಹಾಗೆ. ಚಿಗವ್ವ ಎದ್ದಳು.

ದೋಣಿಯಲ್ಲಿ ಮಾಸ್ತರು ರೇಗಿದರು. ಒಬ್ಬೊಬ್ಬರೂ ತಮ್ಮ ತಮ್ಮ ಭಾಷೆ ಆಡಿದರೆ ನೀರೊಳಗೆ ಜೀವ ಹೋಗುತ್ತದೆ ಎಂದರು. ಅವರು ಹೇಳಿದ್ದು ಸರಿಯೇ. ಚಿಗವ್ವ ಕೂದಲು ಹಿಂಡುತ್ತಾ, "ಊಪರ್ ಆಗಯೇ ನೈ ಕ್ಯಾ, ಮಾಸ್ತರ್?" ಎಂದಳು. ಮೇಲೆ ಬಂದೆವೋ ಇಲ್ಲವೋ ಎಂದು. ಮಾಸ್ತರು ನಕ್ಕುಬಿಟ್ಟರು.

ಹಡಗಿನ ಹಿಂದಿನ ದಿನ ನಾನು ಗಂಟು ಕಟ್ಟುತ್ತಿದ್ದೆ. ಅವಳ ಸೀರೆಗಳನ್ನೂ ಮಡಚತೊಡಗಿದಾಗ ಚಿಗವ್ವ ಬಾಗಿಲಲ್ಲಿ ನಿಂತು, "ನಿಂದಷ್ಟೇ ಕಟ್ಟು ಯವ್ವಾ" ಎಂದಳು. ಅಷ್ಟೇ. ಯಾಕೆ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತು ಎಂದುಕೊಂಡಿದ್ದೆ.

ಆಮೇಲೆ ಅವಳು ರಾಯಚೂರಿಗೆ ಬಂದುಹೋಗುತ್ತಿದ್ದಳು, ಪ್ರತಿಸಲ ಸ್ವಲ್ಪ ಬಂಗಾಳಿ, ಸ್ವಲ್ಪ ತಮಿಳು ಹೆಚ್ಚು ಕಲಿತುಕೊಂಡು. ನನಗೆ ಕೆಲಸವಾಯಿತು, ಮದುವೆಯಾಯಿತು. ಚಿಗವ್ವ ಯಾಕೆ ಅಲ್ಲಿ ನಿಂತಳು ಎಂದು ಯಾರಾದರೂ ಕೇಳಿದರೆ ನಾನು ಆ ಅಂಗೈಯ ಕಥೆ ಹೇಳುತ್ತಿದ್ದೆ. ಹೇಳಿ ಹೇಳಿ ಅದು ನುಣುಪಾಗಿತ್ತು. ಮೂರು ವರ್ಷದ ಹಿಂದೆ ಅವಳು ದ್ವೀಪದಲ್ಲೇ ತೀರಿಕೊಂಡಳು. ಸುದ್ದಿ ತಡವಾಗಿ ಬಂತು.

ಎರಡು ವಾರದ ಹಿಂದೆ ಕಾಕಾ ಬಂದಿದ್ದರು. ಮಾನ್ವಿಯಲ್ಲಿ ಯಾರದೋ ಮದುವೆ ಮುಗಿಸಿಕೊಂಡು, ಕೋಲೂರಿಕೊಂಡು, ಒಬ್ಬರೇ. ರಬ್ಬರಿನ ವಾಸನೆ ಇನ್ನೂ ಮನಸ್ಸಿನಲ್ಲಿತ್ತು. ನಾನು ಆ ಹೆಬ್ಬೆಟ್ಟಿನ ಮಾತು ತೆಗೆದೆ.

"ಹೆಬ್ಬಟ್ಟು? ಯಾವ ಹೆಬ್ಬಟ್ಟು ತಂಗಿ?"

ಎಲ್ಲ ಹೇಳಿದೆ. ಗೋಡೆಯಾಚೆಯ ಮಾತು, ನಕಾಶೆ, ಮರಳು, ದೋಣಿ. ಅವರು ಬೇರೆ ಯಾರದೋ ಕಥೆಯೆಂಬಂತೆ ಕೇಳಿದರು. "ನಾ ಹಂಗ ಅಂದಿದ್ನೇನು?" ಎಂದರು. ಅಂಗೈಯ ಮಾತಿಗೆ ಬಂದಾಗ ತಮ್ಮ ಕೈಯನ್ನೇ ನೋಡಿಕೊಂಡರು. "ಅದಾ... ಹಿಂದಿನ ವಾರ ಹವಳ ತಾಗಿ ಬೆರಳು ಹರದಿತ್ತು. ರಬ್ಬರ್ ಕೈಗವಸು ಹಾಕಿದ್ದೆ. ದಪ್ಪದ್ದು, ಮುಷ್ಟಿ ಕಟ್ಟಾಕ ಬರ್ತಿದ್ದಿಲ್ಲ."

ಅವರ ಕೈಗೆ ಏನೂ ಇದ್ದ ನೆನಪು ನನಗಿಲ್ಲ. ನಾಚಿಕೆಗೆ ಹೇಳಿದರೋ, ನಿಜವೋ. ನನ್ನ ಕಣ್ಣೇ ಕೈಗವಸನ್ನು ಬಿಚ್ಚಿಹಾಕಿತೋ.

"ಮತ್ತ ಚಿಗವ್ವ ಯಾಕ ನಿಂತಳು ಕಾಕಾ?"

"ಆ ಹೂಕೋಸಿನಂಥಾದ್ದು ನೋಡಿ ಮನಸೋತು ನಿಂತಾಳ ಅಂತ ನಾ ತಿಳ್ಕೊಂಡೀನಿ. ಮಂದಿಗೂ ಅದೇ ಹೇಳ್ಕೋತ ಬಂದೀನಿ. ಆಕಿಗಿ ಕೇಳಿಲ್ಲ. ನಿನಗ ಹೇಳಿರ್ತಾಳ ಬಿಡು ಅಂತಿದ್ದೆ."

ಕಾಕಾ ಕೋಲನ್ನು ಗೋಡೆಗೆ ಒರಗಿಸಿದರು. "ದೋಣ್ಯಾಗ ಆಕಿ ಏನಂದಳು ಅಂದಿ? ಇನ್ನೊಮ್ಮಿ ಹೇಳು" ಎಂದರು.

"ನೀವು ಕೊಟ್ಟಿದ್ದು. ಎಲ್ಲಿ ಚೆಲ್ಲಲಿ?"

ಕಾಕಾ ಕಣ್ಣು ಮುಚ್ಚಿ ತಲೆಯಾಡಿಸಿದರು. "ಆಕಿ ಮಾತೇ. ಖರೇ ಆಕಿ ಮಾತೇ" ಎಂದರು. ಹೌದು, ಮಾತು ಅವಳದೇ. ಅದರಲ್ಲಿ ನನಗೆ ಅನುಮಾನವಿಲ್ಲ. ಅದನ್ನು ಆಡಿದ ದನಿ ಮಾತ್ರ ನನ್ನದಾಗಿತ್ತು. ಅವರು ಹೋದ ಮೇಲೆ ಒಬ್ಬಳೇ ಕುಳಿತು ಮತ್ತೆ ಮತ್ತೆ ಅಂದು ನೋಡಿದೆ. ಚಿಗವ್ವನ ದನಿ ಬರಲಿಲ್ಲ.